ಹೊಲಕ್ಕೆ ಸುಣ್ಣ ಹಾಕಲು ಅಗ್ಗದ ಸಲಕರಣೆ ಹುಡುಕುವುದು ಹೇಗೆ? ಬೀದರ್, ಕಲಬುರಗಿ, ಯಾದಗಿರಿ ಕಡೆಯವರಿಗೆ

ನನ್ನ ಹೊಲ ಹುಮನಾಬಾದ್ ತಾಲ್ಲೂಕಿನಲ್ಲಿದೆ. ಹೆಚ್ಚಿನದೆಲ್ಲ ಎರೆ ಭೂಮಿ, ಮೇಲಿನ ದಿಬ್ಬದ ಕಡೆ ಮೂರೂವರೆ ಎಕರೆ ಮಾತ್ರ ಕೆಂಪು ಗರಸು ನೆಲ, ಕೆಳಗೆ ಜಂಬಿಟ್ಟಿಗೆ ಕಲ್ಲು. ಆ ಕೆಂಪು ನೆಲದಲ್ಲಿ ಶುಂಠಿ ಹಾಕಿದಾಗ ಬೆಳೆ ಏಳಲೇ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿದರೆ ಪಿಎಚ್ (ಮಣ್ಣಿನ ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 5.4. ಹುಳಿ ಮಣ್ಣು, ಸುಣ್ಣ ಹಾಕಿ ಅಂದರು. ಸುಣ್ಣ ಸಿಕ್ಕಿತು, ಅದು ಕಷ್ಟವಲ್ಲ. ಅದನ್ನು ಸಮನಾಗಿ ಹರಡೋದು ಹೇಗೆ ಅನ್ನೋದರಲ್ಲೇ ನಾನು ದುಡ್ಡು ಕಳೆದುಕೊಂಡೆ.

ಮಾಡಿದ ತಪ್ಪು ಇಷ್ಟು. ಹಳೇ ಸಾಮಾನು ಮಾರುವ ಒಬ್ಬರ ಹತ್ತಿರ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಗೊಬ್ಬರ ಎರಚುವ ಯಂತ್ರ ತಂದೆ. ಮೇಲೆ ಅಗಲವಾದ ಕೊಳವೆಯಂಥ ಡಬ್ಬಿ, ಕೆಳಗೆ ಗಿರ್ರನೆ ತಿರುಗುವ ತಟ್ಟೆ, ನೀವೂ ನೋಡಿರುತ್ತೀರಿ. "ಸುಣ್ಣಕ್ಕೂ ನಡೀತದ್ರಿ, ಏನ್ ಚಿಂತಿ ಮಾಡಬ್ಯಾಡ್ರಿ" ಅಂದರು. ನಾಲ್ಕು ಚೀಲ ಸುಣ್ಣದ ಪುಡಿ ಸುರಿದು ಪಿಟಿಒ, ಅಂದರೆ ಟ್ರ್ಯಾಕ್ಟರ್ ಎಂಜಿನ್ ಬಲದಿಂದ ಹಿಂದಿನ ಯಂತ್ರ ತಿರುಗಿಸುವ ದಂಡ, ಹಾಕಿದೆವು. ಹತ್ತು ಮಾರು ಹೋಗುವಷ್ಟರಲ್ಲಿ ಬಿಳಿ ಹೊಗೆ ಎದ್ದಿತು, ಆಮೇಲೆ ಏನೂ ಇಲ್ಲ. ಇಳಿದು ಡಬ್ಬಿಯೊಳಗೆ ನೋಡಿದರೆ ನಡುವೆ ಮುಷ್ಟಿ ಗಾತ್ರದ ತೂತು, ಸುತ್ತಲೂ ಸುಣ್ಣ ಬಾವಿಯ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ನನ್ನ ಅಣ್ಣನ ಮಗ ಜೋಳದ ದಂಟು ತಂದು ತಿವಿದ. ಅಷ್ಟೂ ಒಂದೇ ಸಲ ಕುಸಿದು ಒಂದೇ ಜಾಗದಲ್ಲಿ ಗುಡ್ಡೆ ಬಿತ್ತು. ಗಾಳಿಗೆ ಹಾರಿದ್ದು ಪಕ್ಕದ ಹೊಲಕ್ಕೆ ಹೋಯಿತು. ಆ ಹೊಲದ ಕಾಕಾ ಮುಖಕ್ಕೆ ಟವೆಲ್ ಸುತ್ತಿಕೊಂಡು ಬದುವಿನ ಮೇಲೆ ನಿಂತು, "ನಂದೂ ಹೊಲ ಮಾಡಿಕೊಟ್ಟಿ ಬಿಡಪಾ ತಮ್ಮಾ" ಅಂದರು.

ಹೀಗೆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಸುಣ್ಣ ಹಾಕುವ ಯಂತ್ರವನ್ನು ಕೊಳ್ಳುವ ಅಗತ್ಯ ಬಹಳ ಜನಕ್ಕೆ ಇಲ್ಲ. ಬೇರೆ ಕೆಲಸಕ್ಕೆ ಇರುವ ಸಾಮಾನನ್ನೇ ಸುಣ್ಣಕ್ಕೆ ಹೊಂದಿಸಿಕೊಳ್ಳೋದು ಅಗ್ಗ.

ಮೊದಲು: ನಿಮಗೆ ಸುಣ್ಣ ಬೇಕಾ?

ಇದನ್ನು ಬಿಟ್ಟು ಮುಂದೆ ಓದಬೇಡಿ. ಕಲಬುರಗಿ ಕಡೆಯ ಎರೆ ಭೂಮಿಯಲ್ಲಿ ಸುಣ್ಣ ಮೊದಲೇ ಜಾಸ್ತಿ ಇದೆ. ಬಾವಿ ತೋಡಿದಾಗ ಕೆಳಗೆ ಬಿಳಿ ಸುಣ್ಣಕಲ್ಲಿನ ಹರಳು ಸಿಗುತ್ತವಲ್ಲ, ಅದೇ. ಇನ್ನು ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ನೆಲವೇ ಸುಣ್ಣದ ಕಲ್ಲು, ಅದಕ್ಕೇ ಅಲ್ಲಿ ಪರಸಿ ಕಲ್ಲಿನ ಗಣಿಯೂ ಸಿಮೆಂಟ್ ಕಾರ್ಖಾನೆಯೂ ಬಂದವು. ಅಂಥ ಎರೆ ಹೊಲಕ್ಕೆ ಮತ್ತೆ ಸುಣ್ಣ ಹಾಕಿದರೆ ಕಬ್ಬಿಣ, ಸತು ಬೇರಿಗೆ ಸಿಗದೆ ಸೋಯಾ, ಶೇಂಗಾ ಎಲೆ ಹಳದಿಯಾಗುತ್ತದೆ. ದುಡ್ಡು ಕೊಟ್ಟು ಬೆಳೆ ಕೆಡಿಸಿಕೊಂಡ ಹಾಗೆ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆ ಕಾಲುವೆ ನೀರು ಹರಿದ ಹೊಲಗಳಲ್ಲಿ ಬೇರೆ ಗೋಳು, ಸವಳು ಜವಳು. ಸೋಡಿಯಂ ಜಾಸ್ತಿಯಾಗಿ ಪಿಎಚ್ 8.5 ದಾಟಿದ ನೆಲಕ್ಕೆ ಬೇಕಾಗಿರೋದು ಜಿಪ್ಸಂ, ಸುಣ್ಣ ಅಲ್ಲ. ಎರಡೂ ಬಿಳಿ ಪುಡಿ, ಎರಡರಲ್ಲೂ ಕ್ಯಾಲ್ಸಿಯಂ ಇದೆ, ಅದಕ್ಕೆ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಜಿಪ್ಸಂ ಹುಳಿ ಕಳೆಯುವುದಿಲ್ಲ. ಸುಣ್ಣ ಸೋಡಿಯಂ ತೊಳೆಯುವುದಿಲ್ಲ. ಜಿಪ್ಸಂ ಹಾಕಿದರೂ ಬಸಿಗಾಲುವೆ ಇಲ್ಲದಿದ್ದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಅದು ನೆನಪಿರಲಿ. ಹರಡುವ ಸಲಕರಣೆ ಮಾತ್ರ ಎರಡಕ್ಕೂ ಒಂದೇ, ಹಾಗಾಗಿ ಯಾದಗಿರಿಯವರೂ ಮುಂದಿನದನ್ನು ಓದಬಹುದು. ಶೇಂಗಾ ಹೂ ಬಿಡುವಾಗ ಎಕರೆಗೆ 200 ಕೆಜಿ ಜಿಪ್ಸಂ ಹಾಕುವವರಿಗೂ ಇದೇ ಲೆಕ್ಕ.

ಸುಣ್ಣ ನಿಜವಾಗಿ ಬೇಕಾಗೋದು ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ನೆಲದ ಕೆಲವು ಕಡೆ. ಅಲ್ಲೂ ಎಲ್ಲರಿಗೂ ಅಲ್ಲ. ಪಿಎಚ್ 6ಕ್ಕಿಂತ ಕೆಳಗೆ ಇದ್ದರೆ ಮಾತ್ರ ಯೋಚನೆ ಮಾಡಿ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಇದೆ. ಒಣ ಮಣ್ಣಿನ ಹೆಂಟೆ ಮೇಲೆ ನಿಂಬೆರಸ ಅಥವಾ ವಿನೆಗರ್ ಹಿಂಡಿ. ಜುಂಯ್ ಅಂತ ನೊರೆ ಬಂದರೆ ಸುಣ್ಣ ಸಾಕಷ್ಟಿದೆ, ಇಲ್ಲಿಗೆ ನಿಲ್ಲಿಸಿ. ನೊರೆ ಬರದಿದ್ದರೆ ಸುಣ್ಣ ಬೇಕು ಅಂತ ಅರ್ಥ ಅಲ್ಲ, ಪ್ರಯೋಗಾಲಯಕ್ಕೆ ಹೋಗಿ ಅಂತ ಅರ್ಥ. ಹೊಲದ ಎಂಟು ಹತ್ತು ಜಾಗದಲ್ಲಿ ಅರ್ಧ ಅಡಿ ಆಳಕ್ಕೆ ಗುಂಡಿ ತೆಗೆದು ಮಣ್ಣು ಕೆರೆದು, ಕಲಸಿ, ಅರ್ಧ ಕೆಜಿ ಕೊಡಿ. ಬದು, ಮರದ ಬುಡ, ತಿಪ್ಪೆ ಹಾಕಿದ ಜಾಗ ಬೇಡ. ಎರೆ ಮತ್ತು ಕೆಂಪು ನೆಲ ಎರಡೂ ಇದ್ದರೆ ಎರಡು ಬೇರೆ ಬೇರೆ ಚೀಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಇಲ್ಲವೇ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಬೀದರಿನದು ಜನವಾಡದಲ್ಲಿದೆ, ಯಾದಗಿರಿಯದು ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಮನೆಯಲ್ಲಿ ಎಲ್ಲೋ ಬಿದ್ದಿರಬಹುದು, ಹುಡುಕಿ, ಅದರಲ್ಲೂ ಪಿಎಚ್ ಬರೆದಿರುತ್ತದೆ. ಆದರೆ ಎಕರೆಗೆ ಎಷ್ಟು ಸುಣ್ಣ ಅನ್ನೋದನ್ನು ಪ್ರಯೋಗಾಲಯದವರ ಹತ್ತಿರ ಬರೆಸಿಕೊಳ್ಳಿ. ಪಿಎಚ್ ಒಂದೇ ಇದ್ದರೂ ಜೇಡಿ ಜಾಸ್ತಿ ಇರುವ ಮಣ್ಣು ಜಾಸ್ತಿ ಸುಣ್ಣ ತಿನ್ನುತ್ತದೆ.

ಪುಡಿ ಯಾವುದು ಅನ್ನೋದರ ಮೇಲೆ ಸಲಕರಣೆ

ಪುಡಿ ನೋಡದೆ ಯಂತ್ರ ಹುಡುಕಬಾರದು. ಸುಣ್ಣದ ಕಲ್ಲನ್ನು ಬೀಸಿದ ಪುಡಿ, ಅಂದರೆ ಕೃಷಿ ಸುಣ್ಣ, ನಿಧಾನವಾಗಿ ಕೆಲಸ ಮಾಡುತ್ತದೆ, ಕೈ ಸುಡುವುದಿಲ್ಲ. ಸುಟ್ಟ ಸುಣ್ಣಕ್ಕೆ ಹುಳಿ ಕಳೆಯುವ ಬಲ ಇದಕ್ಕಿಂತ ಜಾಸ್ತಿ. ಶುದ್ಧ ಸುಣ್ಣದ ಕಲ್ಲಿನ ಬಲ 100 ಅಂದರೆ ಸುಟ್ಟ ಸುಣ್ಣದ್ದು 179, ನೀರು ಹಾಕಿ ಅರಳಿಸಿದ ಸುಣ್ಣದ್ದು ಸುಮಾರು 136. ಹಾಗಂತ ಸುಟ್ಟ ಸುಣ್ಣ ತಂದು ಹರಡಲು ಹೋಗಬೇಡಿ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಬೆವರಿದ ಮೈ ಸುಡುತ್ತದೆ.

ಶಹಾಬಾದ್ ಕಡೆ ಪರಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಡೆ ಬಿಳಿ ಬೂದು ಕೆಸರಿನ ಗುಡ್ಡೆ ಬಿದ್ದಿರುತ್ತದೆ. ಅಗ್ಗವಾಗಿ ಸಿಗುತ್ತದೆ ಅಂತ ನಾವೂ ಕಣ್ಣು ಹಾಕಿದ್ದೆವು. ಸಿಗಬಹುದು, ಆದರೆ ಆ ಕಲ್ಲಿನಲ್ಲಿ ಮರಳಿನ ಅಂಶವೂ ಇರುತ್ತದೆ, ಹಾಗಾಗಿ ಒಂದು ಕೆಜಿ ತಂದು ಪರೀಕ್ಷೆ ಮಾಡಿಸಿ, ಆಮೇಲೆ ಲಾರಿ ಮಾತಾಡಿ. ಕೆಸರು ಒಣಗಿದರೆ ಹೆಂಟೆ ಕಟ್ಟುತ್ತದೆ, ಒಡೆದು ಜರಡಿ ಹಿಡಿಯಬೇಕು. ಪುಡಿ ಬೆರಳಲ್ಲಿ ತಿಕ್ಕಿದರೆ ಹಿಟ್ಟಿನ ಹಾಗೆ ಇರಬೇಕು. ಸಣ್ಣ ಕಲ್ಲಿನ ಚೂರು ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಬಾಡಿಗೆ ಲೆಕ್ಕವನ್ನೂ ಮೊದಲೇ ಹಾಕಿ, ಸುಣ್ಣಕ್ಕಿಂತ ಲಾರಿ ಬಾಡಿಗೆಯೇ ಜಾಸ್ತಿ ಆಗೋದು ಉಂಟು.

ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್, ಅಂದರೆ ಕಬ್ಬಿನ ರಸ ಶುದ್ಧ ಮಾಡಿದಾಗ ಉಳಿಯುವ ಕೆಸರಿನ ಬಗ್ಗೆ ಒಂದು ಮಾತು. ಸುಣ್ಣ ಮತ್ತು ಇಂಗಾಲದ ಅನಿಲದಿಂದ ರಸ ಶುದ್ಧ ಮಾಡುವ ಕಾರ್ಖಾನೆಯದು ಮಾತ್ರ ಹುಳಿ ಕಳೆಯುತ್ತದೆ. ಗಂಧಕ ಬಳಸುವ ಕಾರ್ಖಾನೆಯದು ಒಳ್ಳೆ ಗೊಬ್ಬರ, ಸುಣ್ಣದ ಬದಲಿ ಅಲ್ಲ. ನಮ್ಮ ದೇಶದಲ್ಲಿ ಗಂಧಕದ ಪದ್ಧತಿಯೇ ಜಾಸ್ತಿ, ಕೇಳಿಯೇ ತನ್ನಿ.

ಎಲ್ಲಕ್ಕಿಂತ ಅಗ್ಗ: ಹಗ್ಗ, ಬಕೆಟ್, ತಕ್ಕಡಿ

ನಾಲ್ಕು ಎಕರೆ ಒಳಗಿದ್ದರೆ ನಿಜವಾಗಿ ಯಂತ್ರ ಬೇಡ. ನಗಬೇಡಿ. ನಮ್ಮ ಗುಂಟೆ ಲೆಕ್ಕ ಈ ಕೆಲಸಕ್ಕೇ ಮಾಡಿದ ಹಾಗಿದೆ. ಎಕರೆಗೆ 40 ಗುಂಟೆ, ಒಂದು ಗುಂಟೆ ಅಂದರೆ 33 ಅಡಿ ಉದ್ದ 33 ಅಡಿ ಅಗಲ. ಎಕರೆಗೆ 400 ಕೆಜಿ ಹಾಕಿ ಅಂದರೆ ಗುಂಟೆಗೆ 10 ಕೆಜಿ. ಒಂದು ಟನ್ ಅಂದರೆ ಗುಂಟೆಗೆ 25 ಕೆಜಿ, ಅರ್ಧ ಚೀಲ.

33 ಅಡಿಯ ಹಗ್ಗ ಎರಡು ಮಾಡಿಕೊಳ್ಳಿ. ಹೊಲದಲ್ಲಿ ಗುಂಟೆಗೊಂದು ಗೂಟ ಹೊಡೆಯುತ್ತಾ ಹೋಗಿ. ಪ್ರತಿ ಚೌಕದ ನಡುವೆ ತೂಕ ಮಾಡಿದ ಸುಣ್ಣದ ಗುಡ್ಡೆ ಇಳಿಸಿ, ಟ್ರಾಲಿಯಿಂದಲೋ ಟೈರ್ ಬಂಡಿಯಿಂದಲೋ. ಆಮೇಲೆ ಒಬ್ಬೊಬ್ಬರು ಒಂದೊಂದು ಚೌಕ, ಬಕೆಟ್ಟಿನಲ್ಲಿ ತುಂಬಿ ಎರಚಿ. ಅರ್ಧವನ್ನು ಉದ್ದಕ್ಕೆ, ಉಳಿದ ಅರ್ಧವನ್ನು ಅಡ್ಡಕ್ಕೆ. ಗುಡ್ಡೆ ಮುಗಿಯಬೇಕು, ಚೌಕ ತುಂಬಬೇಕು, ಅಷ್ಟೇ. ಕೈಯಲ್ಲಿ ಎರಚುವಾಗ ಪುಡಿ ತುಸು ಹಸಿ ಇದ್ದರೆ ಒಳ್ಳೆಯದು, ಹಾರುವುದಿಲ್ಲ. ಯಂತ್ರಕ್ಕೆ ಹಾಕುವುದಾದರೆ ಪೂರ್ತಿ ಒಣಗಿರಬೇಕು.

ಓಡುವ ಟ್ರಾಲಿ ಮೇಲೆ ನಿಂತು ಸಲಿಕೆಯಲ್ಲಿ ಎರಚೋದು ಎಲ್ಲ ಕಡೆ ನಡೆಯುತ್ತದೆ. ನಾನು ಬೇಡ ಅನ್ನುತ್ತೇನೆ. ಮುಂದೆ ದಪ್ಪ, ಹಿಂದೆ ತೆಳು, ತಿರುವಿನಲ್ಲಿ ಗುಡ್ಡೆ. ಮೇಲಾಗಿ ಬಿದ್ದು ಕಾಲು ಮುರಿದುಕೊಳ್ಳುವ ಕೆಲಸ.

ಬಾಡಿಗೆ: ಏನು ಕೇಳಬೇಕು

ಹೊಲ ದೊಡ್ಡದಿದ್ದರೆ ಮುಂದಿನ ಹೆಜ್ಜೆ ಬಾಡಿಗೆ. ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, 2014-15ರಲ್ಲಿ ಶುರುವಾದವು. ಅಲ್ಲಿಗೆ ಹೋಗಿ "ಸುಣ್ಣ ಹಾಕೋ ಯಂತ್ರ ಇದೆಯಾ?" ಅಂತ ಕೇಳಿದರೆ ಇಲ್ಲ ಅಂತಾರೆ, ನೀವು ವಾಪಸ್ ಬರುತ್ತೀರಿ. ಹಾಗೆ ಕೇಳಬೇಡಿ. ತಿಪ್ಪೆಗೊಬ್ಬರ ಹರಡುವ ಟ್ರಾಲಿ ಇದೆಯಾ, ಬೀಜ ಗೊಬ್ಬರ ಒಟ್ಟಿಗೆ ಬೀಳುವ ಟ್ರ್ಯಾಕ್ಟರ್ ಕೂರಿಗೆ ಇದೆಯಾ ಅಂತ ಕೇಳಿ.

ತಿಪ್ಪೆಗೊಬ್ಬರದ ಟ್ರಾಲಿ ಸಿಕ್ಕರೆ ಅದೃಷ್ಟ. ಹಾಸಿನ ಸರಪಳಿ ಮಾಲನ್ನು ಹಿಂದಕ್ಕೆ ತಳ್ಳುತ್ತದೆ, ಹಿಂದಿನ ಹಲ್ಲುಗಳು ಎರಚುತ್ತವೆ, ಹಾಗಾಗಿ ಕಮಾನು ಕಟ್ಟಿ ನಿಲ್ಲುವ ತಕರಾರು ಇಲ್ಲ, ತುಸು ಹಸಿ ಪುಡಿಯೂ ನಡೆಯುತ್ತದೆ. ಎಕರೆಗೆ ಟನ್ ಲೆಕ್ಕದಲ್ಲಿ ಹಾಕುವವರಿಗೆ ಇದೇ ಸರಿ. ಎಕರೆಗೆ 200, 300 ಕೆಜಿಗೆ ಇದು ಒರಟು, ಅಷ್ಟು ತೆಳುವಾಗಿ ಬಿಡುವುದಿಲ್ಲ. ಸುಣ್ಣ ಮತ್ತು ಹಸಿ ತಿಪ್ಪೆಗೊಬ್ಬರ ಎರಡನ್ನೂ ಒಟ್ಟಿಗೆ ತುಂಬಿ ಒಂದೇ ಸಲ ಮುಗಿಸೋಣ ಅಂತ ಆಸೆ ಬರುತ್ತದೆ, ಬೇಡ. ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಯೂರಿಯಾ, ಡಿಎಪಿ ಜೊತೆಗೂ ಬೇಡ.

ಕೂರಿಗೆಯ ಗೊಬ್ಬರದ ಡಬ್ಬಿ ಹರಳು ಜಿಪ್ಸಂಗೆ ಚೆನ್ನಾಗಿ ನಡೆಯುತ್ತದೆ. ಕೆಳಗಿನ ಪೈಪು ಬಿಚ್ಚಿಬಿಟ್ಟರೆ ಸಾಲಿಗೆ ಬೀಳುವ ಬದಲು ನೆಲದ ಮೇಲೆ ಚದುರಿ ಬೀಳುತ್ತದೆ. ನುಣ್ಣನೆ ಸುಣ್ಣ ಹಾಕಿದರೆ ರೋಲರಿನ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಐದು ನಿಮಿಷಕ್ಕೊಮ್ಮೆ ಇಳಿಯಬೇಕು.

ಇನ್ನು ನಾನು ಕೊಂಡ ತಟ್ಟೆ ತಿರುಗುವ ಯಂತ್ರ. ಅದು ಯೂರಿಯಾದಂಥ ಹರಳಿಗೆ ಮಾಡಿದ್ದು. ಒಳಗೆ ಕಲಕುವ ಕಡ್ಡಿ ಇದ್ದರೆ, ಪುಡಿ ಒಣಗಿದ್ದರೆ, ಗಾಳಿ ಇಲ್ಲದಿದ್ದರೆ ಹೇಗೋ ನಡೆಸಬಹುದು. ಹರಳು ಬೀಳುವಷ್ಟು ದೂರ ಪುಡಿ ಬೀಳುವುದಿಲ್ಲ, ಅರ್ಧ ದೂರಕ್ಕೇ ಸಾಲು ಹಿಡಿಯಿರಿ.

ಕೊಳ್ಳುವ ಮೊದಲು ಈ ಲೆಕ್ಕ ಮಾಡಿ. ಯಂತ್ರಕ್ಕೆ 50 ಸಾವಿರ ಅಂತ ಇಟ್ಟುಕೊಳ್ಳಿ. ನಿಮ್ಮದು 4 ಎಕರೆ, ಮೂರು ವರ್ಷಕ್ಕೊಮ್ಮೆ ಸುಣ್ಣ. 12 ವರ್ಷದಲ್ಲಿ ನಾಲ್ಕು ಸಲ, ಒಟ್ಟು 16 ಎಕರೆ. ಎಕರೆಗೆ ಮೂರು ಸಾವಿರದ ಮೇಲೆ ಬಿತ್ತು, ಅದೂ ಯಂತ್ರ ತುಕ್ಕು ಹಿಡಿಯದೆ ಉಳಿದರೆ. ಆ ದುಡ್ಡಿಗೆ ಆಳು ಹಚ್ಚಿ ಹಗ್ಗ ಬಕೆಟ್ ಕೆಲಸ ಮುಗಿಸಿ ಚಹಾ ಕುಡಿಸಬಹುದು ಅಲ್ವಾ?

ಹತ್ತು ಹದಿನೈದು ಮನೆಯವರು ಸೇರಿದರೆ ಲೆಕ್ಕ ಬೇರೆ. ನಿಮ್ಮೂರಲ್ಲಿ ರೈತ ಉತ್ಪಾದಕ ಸಂಸ್ಥೆ ಇದ್ದರೆ ಅದರ ಹೆಸರಲ್ಲಿ ತರಿಸಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90ರವರೆಗೆ ಸಹಾಯಧನ ಇದೆ, ಮೇಲ್ಮಿತಿಯೊಳಗೆ. ಆದರೆ ಪಟ್ಟಿಯಲ್ಲಿರುವ ಯಂತ್ರಕ್ಕೆ ಮಾತ್ರ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಈ ವರ್ಷದ ಪಟ್ಟಿ ನೋಡಿ, ಮಂಜೂರಾತಿ ಸಿಕ್ಕ ಮೇಲೆ ಕೊಳ್ಳಿ. ಮೊದಲು ಕೊಂಡು ಬಿಲ್ ತೋರಿಸಿದರೆ ನಡೆಯುವುದಿಲ್ಲ.

ಹಳೇ ಯಂತ್ರ ನೋಡಲು ಉದ್ಗೀರ್, ಜಹೀರಾಬಾದ್ ಕಡೆ ಹೋಗುವವರಿದ್ದಾರೆ. ಹೋದರೆ ಹೊಸ ಬಣ್ಣ ನೋಡಿ ಮರುಳಾಗಬೇಡಿ. ಡಬ್ಬಿಯ ತಳಕ್ಕೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ, ತುಕ್ಕು ತಿಂದಿದ್ದರೆ ಪುಡುಪುಡು ಉದುರುತ್ತದೆ. ತಟ್ಟೆ ಹಿಡಿದು ಅಲ್ಲಾಡಿಸಿ, ಬೇರಿಂಗ್ ಹೋಗಿದ್ದರೆ ಕೈಗೆ ಗೊತ್ತಾಗುತ್ತದೆ. ಗೇರ್ ಬಾಕ್ಸ್ ಎಣ್ಣೆ ತೆಗೆಸಿ ನೋಡಿ. ಪಿಟಿಒ ಶಾಫ್ಟ್ ಮೇಲಿನ ಕವರ್ ಇಲ್ಲದಿದ್ದರೆ ಅದರ ದುಡ್ಡು ಕಳೆದು ಮಾತಾಡಿ. ಮುಖ್ಯವಾಗಿ, ನಿಮ್ಮ ಪುಡಿ ಒಂದು ಚೀಲ ಜೊತೆಗೆ ಒಯ್ದು ಅಲ್ಲೇ ಹಾಕಿಸಿ ನೋಡಿ. ನಾನು ಒಯ್ಯಲಿಲ್ಲ.

ವೆಲ್ಡಿಂಗ್ ಅಂಗಡಿಯ ಡಬ್ಬಿ

ಆ ಯಂತ್ರ ಮಾರಿ ನಷ್ಟ ಮಾಡಿಕೊಂಡ ಮೇಲೆ ನಾವು ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಡಬ್ಬಿ ಮಾಡಿಸಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಯಾರು ಬೇಕಾದರೂ ಮಾಡಿಸಬಹುದು.

ಉದ್ದ 6 ಅಡಿ. ಮೇಲೆ ಒಂದೂವರೆ ಅಡಿ ಅಗಲ, ಕೆಳಗೆ ಕಿರಿದಾಗುತ್ತಾ ಬರುವ ಗೂಡಿನ ಆಕಾರ, ಆಳವೂ ಒಂದೂವರೆ ಅಡಿ. ನಾಲ್ಕು ಚೀಲ ಪುಡಿ ಹಿಡಿಯುತ್ತದೆ. ತಳದಲ್ಲಿ ನಾಲ್ಕು ಇಂಚಿಗೊಂದು ತೂತು. ಅದರ ಕೆಳಗೆ ಅಂಥದ್ದೇ ತೂತಿರುವ ಇನ್ನೊಂದು ಪಟ್ಟಿ, ಪಕ್ಕಕ್ಕೆ ಸರಿಸಿದರೆ ತೂತು ಸಣ್ಣದು, ದೊಡ್ಡದು, ಪೂರ್ತಿ ಬಂದ್. ಎರಡು ಕಡೆ ಹಳೇ ಟೈರ್ ಬಂಡಿಯ ಗಾಲಿ. ಗಾಲಿಯ ಅಚ್ಚು ಡಬ್ಬಿಯೊಳಗೇ ಹಾದುಹೋಗುತ್ತದೆ, ಅದಕ್ಕೆ ಕಬ್ಬಿಣದ ಕಡ್ಡಿಗಳನ್ನು ಬೆಸೆದಿದ್ದೇವೆ. ಗಾಲಿ ತಿರುಗಿದರೆ ಕಡ್ಡಿ ತಿರುಗಿ ಪುಡಿ ಕಲಕುತ್ತದೆ, ಬಾವಿಯ ಗೋಡೆ ಏಳುವುದಿಲ್ಲ.

ಮೊದಲ ಸಲ ಎರಡೂ ಗಾಲಿಯನ್ನು ಅಚ್ಚಿಗೆ ಬಿಗಿಸಿದ್ದೆವು. ನೆಟ್ಟಗೆ ಚೆನ್ನಾಗಿ ಹೋಯಿತು, ತಿರುವಿನಲ್ಲಿ ಒಂದು ಗಾಲಿ ಎಳೆದಾಡಿ ಅಚ್ಚೇ ಬಾಗಿತು. ಒಂದು ಗಾಲಿ ಮಾತ್ರ ಅಚ್ಚಿಗೆ ಬಿಗಿಯಬೇಕು, ಇನ್ನೊಂದು ಬೇರಿಂಗ್ ಮೇಲೆ ಸ್ವತಂತ್ರವಾಗಿ ತಿರುಗಬೇಕು. ಡಬ್ಬಿಯ ತಳ ನೆಲದಿಂದ ಒಂದು ಅಡಿ ಎತ್ತರ, ಸುತ್ತಲೂ ನೆಲ ಮುಟ್ಟುವ ಹಾಗೆ ಗೋಣಿತಟ್ಟು ಇಳಿಬಿಟ್ಟರೆ ಪುಡಿ ಹಾರುವುದಿಲ್ಲ. ಸಣ್ಣ ಟ್ರ್ಯಾಕ್ಟರ್ ಸಾಕು, ಡಬ್ಬಿ ಪೂರ್ತಿ ತುಂಬದಿದ್ದರೆ ಎತ್ತುಗಳೂ ಎಳೆಯುತ್ತವೆ. ಗುಜರಿ ಕಬ್ಬಿಣದಲ್ಲಿ ಮಾಡಿಸಿದರೆ ಖರ್ಚು ಇನ್ನೂ ಕಡಿಮೆ, ತಳದ ತಗಡು ಮಾತ್ರ ಹೊಸದು ಹಾಕಿಸಿ.

ಅಳತೆ ಸರಿ ಮಾಡೋದು

ಯಾವ ಯಂತ್ರ ಆದರೂ ಇದನ್ನು ಬಿಡಬೇಡಿ. 10 ಅಡಿ ಉದ್ದ 10 ಅಡಿ ಅಗಲದ ತಾಡಪತ್ರಿ ಹಾಸಿ. ಎಕರೆಗೆ 400 ಕೆಜಿ ಬೇಕಿದ್ದರೆ ಅದರ ಮೇಲೆ ಸುಮಾರು 920 ಗ್ರಾಂ ಬೀಳಬೇಕು, ಒಂದು ಟನ್ ಬೇಕಿದ್ದರೆ 2.3 ಕೆಜಿ. ಯಂತ್ರದ ಅಗಲ ತಾಡಪತ್ರಿಗಿಂತ ಕಡಿಮೆ ಇದ್ದರೆ ಇನ್ನೊಂದು ದಾರಿ ಇದೆ. ನಮ್ಮ 6 ಅಡಿ ಡಬ್ಬಿಯನ್ನು 100 ಅಡಿ ಎಳೆದರೆ 600 ಚದರ ಅಡಿ ಆಯಿತು, ಎಕರೆಗೆ 400 ಕೆಜಿ ಲೆಕ್ಕಕ್ಕೆ ಅಷ್ಟರಲ್ಲಿ ಐದೂವರೆ ಕೆಜಿ ಇಳಿಯಬೇಕು. ತೂಕ ಮಾಡಿ ತುಂಬಿ, ಎಳೆದು, ಉಳಿದದ್ದನ್ನು ತೂಗಿ. ಜಾಸ್ತಿ ಇಳಿದರೆ ಪಟ್ಟಿ ಸರಿಸಿ. ಅಂತೂ ನಮಗೆ ಮೂರನೇ ಸಲಕ್ಕೆ ಸರಿ ಬಂತು, ಆ ಜಾಗಕ್ಕೆ ಪಟ್ಟಿ ಮೇಲೆ ಗರಗಸದಿಂದ ಗುರುತು ಕೊರೆದಿದ್ದೇವೆ. ಟ್ರ್ಯಾಕ್ಟರ್ ಗೇರ್ ಬದಲಾಯಿಸಿದರೆ ಅಳತೆಯೂ ಬದಲಾಗುತ್ತದೆ, ಡ್ರೈವರ್ ಹುಡುಗನಿಗೆ ಮೊದಲೇ ಹೇಳಿ. ತಿರುಗುವಾಗ ತೂತು ಬಂದ್ ಮಾಡಬೇಕು.

ಬೇಕಾದಷ್ಟರಲ್ಲಿ ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಅನ್ನೋದು ಇಲ್ಲೂ ಅಷ್ಟೇ. ಹಾಗೆ ಎರಡು ಸಲ ಎಳೆಯುವುದಾದರೆ ಒಂದೊಂದು ಸಲಕ್ಕೆ ಮೇಲೆ ಹೇಳಿದ ತೂಕದ ಅರ್ಧ ಮಾತ್ರ ಇಳಿಯುವ ಹಾಗೆ ಪಟ್ಟಿ ಇಡಿ.

ಯಾವಾಗ, ಹೇಗೆ

ತೊಗರಿ, ಸೋಯಾ ಬಿತ್ತನೆ ಜೂನ್ ಜುಲೈನಲ್ಲಿ. ಸುಣ್ಣ ಅದಕ್ಕಿಂತ ಕೆಲವು ವಾರ ಮೊದಲೇ ಮಣ್ಣಿಗೆ ಸೇರಬೇಕು, ಅಂದರೆ ಏಪ್ರಿಲ್ ಮೇ. ಆಗ ಗಾಳಿ ಜೋರು, ಹಾಗಾಗಿ ಬೆಳಗ್ಗೆ ಬೇಗ ಶುರು ಮಾಡಿ ಗಾಳಿ ಏಳುವ ಮೊದಲು ಮುಗಿಸಿ. ಹರಡಿದ ದಿನವೇ ಕುಂಟೆ ಹೊಡೆದು ಅಥವಾ ರೋಟಾವೇಟರ್ ಹಾಕಿ ಅರ್ಧ ಅಡಿ ಆಳಕ್ಕೆ ಕಲಸಿ. ಮೇಲೆ ಬಿಟ್ಟರೆ ಮೇಲೇ ಇರುತ್ತದೆ, ಸುಣ್ಣ ತಾನಾಗಿ ಕೆಳಗೆ ಇಳಿಯುವುದಿಲ್ಲ.

ಕನ್ನಡಕ, ಮೂಗಿಗೆ ಬಟ್ಟೆ, ತುಂಬು ತೋಳಿನ ಅಂಗಿ. ಗಾಳಿ ಬೆನ್ನಿಗೆ ಇರಲಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ತುಂಬಾ ಹೊತ್ತು ನೀರು ಹುಯ್ದು ಆಸ್ಪತ್ರೆಗೆ ಹೋಗಿ. ಪಿಟಿಒ ತಿರುಗುವಾಗ ಡಬ್ಬಿಗೆ ಕೈಯನ್ನಾಗಲಿ ದಂಟನ್ನಾಗಲಿ ಹಾಕಬೇಡಿ, ನಮ್ಮ ಹುಡುಗ ಅವತ್ತು ಹಾಕಿದ್ದು ತಪ್ಪೇ.

ಕೆಲಸ ಮುಗಿದ ಸಂಜೆಯೇ ಡಬ್ಬಿ ಖಾಲಿ ಮಾಡಿ, ಬ್ರಷ್ ಹೊಡೆದು, ತೊಳೆದು, ಒಣಗಿಸಿ, ಹಳೇ ಎಂಜಿನ್ ಎಣ್ಣೆ ಸವರಿ. ಒಂದು ರಾತ್ರಿ ಇಬ್ಬನಿಗೆ ಬಿಟ್ಟರೂ ತೂತುಗಳಲ್ಲಿ ಸುಣ್ಣ ಗಾರೆಯ ಹಾಗೆ ಕೂರುತ್ತದೆ. ನಮ್ಮ ಡಬ್ಬಿ ಈ ಸಲ ಬದುವಿನ ಮೇಲೆ ನಿಂತು ಬೈದಿದ್ದ ಅದೇ ಕಾಕಾನ ಹೊಲಕ್ಕೆ ಹೋಗಿದೆ, ಅವರದೂ ಪರೀಕ್ಷೆಯಲ್ಲಿ ಹುಳಿ ಮಣ್ಣು ಅಂತ ಬಂತು. ಬಾಡಿಗೆ ಕೇಳಿಲ್ಲ. ತೊಳೆದು ಕೊಡ್ರಿ ಅಂತ ಮಾತ್ರ ಹೇಳಿದ್ದೇನೆ.